ಎರೆಹುಳುವಿನ ಪರ ವಕಾಲತ್ತು

ಎರೆಹುಳು ಕಾಡನ್ನು ಹಾಳು ಮಾಡುತ್ತದೆ ಎಂಬ ಮಾತು ಶಾಂತಕ್ಕನ ಬಾಯಿಂದ ಹೊರಬಿದ್ದದ್ದೇ ತಡ, ಶಿರಸಿಯ ಭಟ್ಟರು ಕಚ್ಚಬೇಕೆಂದಿದ್ದ ಚಕ್ಕುಲಿಯನ್ನು ತಟ್ಟೆಗೆ ಹಿಂತಿರುಗಿಸಿ ನೆಟ್ಟಗೆ ಕುಳಿತರು. ಮಿನೆಸೋಟ ರಾಜ್ಯದ ಡುಲೂತ್ ಊರಿನ ಹೊರಗೆ, ರಾಯರ ಮಗನ ಮನೆಯ ಹಿಂದೆ, ಮೇಪಲ್ ಕಾಡಿನ ಅಂಚಿನಲ್ಲಿ ನಮ್ಮ ಸಭೆ ಸೇರಿತ್ತು. ಮಕ್ಕಳ ಮನೆಗೆಂದು ಆರು ತಿಂಗಳ ಮಟ್ಟಿಗೆ ಬಂದ ನಮ್ಮಂಥ ಹಿರಿಯರಿಗೆ ಹರಟೆಯೊಂದನ್ನು ಬಿಟ್ಟು ಬೇರೆ ಯಾವ ಉದ್ಯೋಗಕ್ಕೂ ಅಮೆರಿಕದ ಕಾನೂನು ಅನುಮತಿ ಕೊಡುವುದಿಲ್ಲ.

“ಶಾಂತಕ್ಕ, ತಾವು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟವರು, ಒಪ್ಪುತ್ತೇನೆ, ಆದರೆ ಎರೆಗೊಬ್ಬರದ ಗುಂಡಿಗೆ ಕೈ ಹಾಕಿದವನು ನಾನು,” ಎಂದರು ಭಟ್ಟರು. “ಡಾರ್ವಿನ್ನನಂಥವನು 1881ರಲ್ಲಿ ಈ ಹುಳುವಿಗಾಗಿ ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾನೆ. ಅದು ರೈತನ ಮಿತ್ರನೆಂದು ನಮ್ಮ ಸೊಸೈಟಿಯ ವಾರ್ಷಿಕ ಸಭೆಗಳಲ್ಲಿ ನಾನು ಸಾರಿ ಸಾರಿ ಹೇಳಿದ್ದೇನೆ. ಆ ಭಾಷಣಗಳನ್ನೆಲ್ಲ ಈಗ ವಾಪಸ್ಸು ತೆಗೆದುಕೊಳ್ಳಬೇಕೇ?”

“ಬೇಡ, ಹೊಲಕ್ಕೆ ಸಂಬಂಧಿಸಿದಷ್ಟು ಭಾಷಣ ಹಾಗೆಯೇ ಇರಲಿ,” ಎಂದು ಶಾಂತಕ್ಕ ಔದಾರ್ಯ ತೋರಿದರು. “ಆದರೆ ಸುಮಾರು 10,000 ವರ್ಷಗಳ ಹಿಂದೆ ಮಂಜುಗಡ್ಡೆ ಹಿಂದೆ ಸರಿಯುವವರೆಗೆ ಈ ನೆಲ ಅದರ ಅಡಿಯಲ್ಲಿ ಹೂತುಹೋಗಿತ್ತು. ಮಣ್ಣಿನಲ್ಲಿ ಹುಳು ಯಾವುದೂ ಉಳಿಯಲಿಲ್ಲ. ಆಮೇಲೆ ಬೆಳೆದ ಮೇಪಲ್ ಕಾಡು ಎರೆಹುಳುವಿನ ಮುಖವನ್ನೇ ಕಾಣದೆ, ಉದುರಿದ ಎಲೆಯನ್ನು ಶಿಲೀಂಧ್ರಗಳು ನಿಧಾನವಾಗಿ ಕೊಳೆಸಿಕೊಡುವ ವ್ಯವಸ್ಥೆಗೆ ಒಗ್ಗಿಕೊಂಡಿತು. ಈಗಿರುವ ಹುಳುಗಳೆಲ್ಲ ಯುರೋಪಿನ ವಲಸೆಗಾರರ ಗಿಡದ ಬೇರುಗಳಲ್ಲಿ, ಹಡಗಿನ ತೂಕಕ್ಕೆಂದು ತುಂಬಿದ ಮಣ್ಣಿನಲ್ಲಿ ಅಡಗಿ ಬಂದವು.”

“ನನ್ನನ್ನು ಚೆನ್ನೈ ದೂತಾವಾಸದಲ್ಲಿ ಎರಡು ಸಲ ಕರೆಸಿ ಪ್ರಶ್ನೆ ಕೇಳಿದರು,” ಎಂದು ಭಟ್ಟರು ನೊಂದುಕೊಂಡರು.

ನಿವೃತ್ತ ಎಂಜಿನಿಯರಾದ ರಾಯರಿಗೆ ಯಾವ ಸಂಗತಿಯೂ ಲೆಕ್ಕಕ್ಕೆ ಸಿಗದೆ ರುಚಿಸುವುದಿಲ್ಲ. ಹುಳುಗಳು ತಾವಾಗಿ ವರ್ಷಕ್ಕೆ ಹೆಚ್ಚೆಂದರೆ 10 ಮೀಟರು ಮುಂದುವರಿಯುತ್ತವೆ ಎಂದು ತಿಳಿದೊಡನೆ, ಒಂದು ಕಿಲೋಮೀಟರಿಗೆ ಕನಿಷ್ಠ 100 ವರ್ಷ ಹಿಡಿಯಬೇಕಾದ ಪ್ರಾಣಿ ಇಲ್ಲಿನ ಕೆರೆ ಕೆರೆಯ ದಡಕ್ಕೂ ಹೇಗೆ ತಲುಪಿತು ಎಂದು ಅವರು ಆಕ್ಷೇಪ ಎತ್ತಿದರು.

“ನಿಮ್ಮ ಮೊಮ್ಮಗನ ಡಬ್ಬಿಯಲ್ಲಿ ಕುಳಿತು,” ಎಂದರು ಶಾಂತಕ್ಕ.

ಮೀನಿನ ಗಾಳಕ್ಕೆ ಸಿಕ್ಕಿಸುವ ಹುಳು ಇಲ್ಲಿ ಪೆಟ್ರೋಲ್ ಬಂಕಿನ ಅಂಗಡಿಯ ಫ್ರಿಜ್ಜಿನಲ್ಲಿಯೂ ಡಬ್ಬಿಗಟ್ಟಲೆ ಮಾರಾಟಕ್ಕಿರುತ್ತದೆ. ಅದರ ಹೆಸರು ಕೆನಡಾದ್ದು, ಮೂಲ ಯುರೋಪಿನದು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಇದನ್ನು ಆರಿಸಲೆಂದೇ ಕೂಲಿಯವರು ರಾತ್ರಿ ಹೊತ್ತು ಹಣೆಗೆ ದೀಪ ಬಿಗಿದು, ಕಾಲಿಗೆ ಡಬ್ಬಿ ಕಟ್ಟಿಕೊಂಡು, ಸೊಂಟ ಬಗ್ಗಿಸಿ ಹೊಲದ ತುಂಬ ನಡೆಯುತ್ತಾರೆ. ಸಂಜೆ ಮೀನು ಹಿಡಿದು ಮುಗಿಸಿದ ಮೇಲೆ ಉಳಿದ ಹುಳುಗಳನ್ನು ಜನ ದಡದಲ್ಲಿಯೇ ಸುರಿದುಹೋಗುತ್ತಾರೆ. ಪಾಪ, ಬದುಕಿಕೊಳ್ಳಲಿ ಎಂಬ ಕರುಣೆಯಿಂದ.

“ಅದರಲ್ಲಿ ತಪ್ಪೇನು?” ಎಂದು ಭಟ್ಟರು ಮತ್ತೆ ವಾದಕ್ಕಿಳಿದರು. “ಎರೆಹುಳು ಉಂಡರೆ ಗೊಬ್ಬರ, ಗೊಬ್ಬರವಿದ್ದರೆ ಗಿಡ. ಕಾಡು ಇನ್ನೂ ಸೊಂಪಾಗಿ ಬೆಳೆಯಬೇಕಲ್ಲವೇ?”

ಇದಕ್ಕೆ ಶಾಂತಕ್ಕ ಬಾಯಿಂದ ಉತ್ತರ ಕೊಡದೆ ನಮ್ಮನ್ನೆಲ್ಲ ಎಬ್ಬಿಸಿ ಕಾಡಿನೊಳಗೆ ನಡೆಸಿದರು. ದಾರಿಯಿಂದ ದೂರದ ಒಂದು ಕಡೆ ನೆಲ ಕಾಲಿಟ್ಟಲ್ಲಿ ಮೆತ್ತಗೆ ಕುಸಿಯುತ್ತಿತ್ತು. ಮೇಲೆ ಕಳೆದ ಶರತ್ಕಾಲದ ಎಲೆ, ಅದರ ಕೆಳಗೆ ನರಗಳಷ್ಟೇ ಉಳಿದ ಹಿಂದಿನ ವರ್ಷಗಳ ಎಲೆ, ಇನ್ನೂ ಕೆಳಗೆ ಕಪ್ಪು ಹುಡಿ, ಅದರ ತುಂಬ ಶಿಲೀಂಧ್ರದ ಬಿಳಿಯ ಎಳೆಗಳು. ರಾಯರು ಕಿಸೆಯಿಂದ ಅಳತೆಪಟ್ಟಿ ತೆಗೆದು ಎಂಟು ಸೆಂಟಿಮೀಟರು ಎಂದು ಘೋಷಿಸಿದರು. ಟ್ರಿಲಿಯಂ ಗಿಡಗಳು ಮೂರು ಮೂರು ಎಲೆ ಹರಡಿ ನಿಂತಿದ್ದವು, ಅವುಗಳ ನಡುವೆ ಗೇಣುದ್ದವೂ ಇಲ್ಲದ ಮೇಪಲ್ ಸಸಿಗಳಿದ್ದವು. ಕೆರೆಯ ಕಡೆಗೆ ಬಂದರೆ ಅದೇ ಮೇಪಲ್ ಮರಗಳ ಬುಡದಲ್ಲಿ ಬೋಳು ಮಣ್ಣು, ಹುಳುವಿನ ಹಿಕ್ಕೆಯ ಗುಪ್ಪೆಗಳು, ಹೊರಗೆ ಕಾಣಿಸುವ ಬೇರುಗಳು. ಸಸಿ ಒಂದೂ ಇರಲಿಲ್ಲ. ಮಿನೆಸೋಟ ವಿಶ್ವವಿದ್ಯಾಲಯದ ಸಿಂಡಿ ಹೇಲ್ ಮತ್ತು ಲೀ ಫ್ರೆಲಿಚ್ ಚಿಪ್ಪೆವಾ ರಾಷ್ಟ್ರೀಯ ಅರಣ್ಯದಲ್ಲಿ ಹುಳು ಮುನ್ನುಗ್ಗುವ ಗಡಿಯ ಎರಡೂ ಬದಿಗಳನ್ನು ಅಳೆದು ದಾಖಲಿಸಿದ್ದು ಈ ವ್ಯತ್ಯಾಸವನ್ನೇ ಎಂದು ಶಾಂತಕ್ಕ ಹೇಳಿದರು.

ಭಟ್ಟರು ಮೊದಲ ಬಾರಿಗೆ ಮೌನವಾಗಿ ಆ ಮಣ್ಣನ್ನು ಬೆರಳಿನಲ್ಲಿ ತಿಕ್ಕಿ ನೋಡಿದರು. ಊರಿನಲ್ಲಿ ಸೊಪ್ಪಿನ ಬೆಟ್ಟದಿಂದ ದರಕು, ಅಂದರೆ ಒಣಗಿದ ತರಗೆಲೆ, ಗುಡಿಸಿ ತಂದು ಅಡಿಕೆ ತೋಟಕ್ಕೆ ಹಾಸುವ ಮನುಷ್ಯನಿಗೆ ದರಕಿಲ್ಲದ ನೆಲದ ಕಷ್ಟವನ್ನು ಬೇರೆಯಾಗಿ ವಿವರಿಸಬೇಕಾಗಿರಲಿಲ್ಲ. ಆದರೂ ಶಾಂತಕ್ಕ ಬಿಡಲಿಲ್ಲ. ಹುಳುಗಳು ತರಗೆಲೆಯ ಹೊದಿಕೆಯನ್ನು ಕೆಲವೇ ವರ್ಷಗಳಲ್ಲಿ ತಿಂದು ಮುಗಿಸುವುದರಿಂದ ಸಾರವೆಲ್ಲ ಒಮ್ಮೆಗೇ ಬಿಡುಗಡೆಯಾಗಿ ಮಳೆನೀರಿನೊಂದಿಗೆ ಕೆಳಗಿಳಿದುಹೋಗುತ್ತದೆ, ಮೇಲ್ಮಣ್ಣು ಗಟ್ಟಿಯಾಗುತ್ತದೆ, ಬೇರಿಗೆ ನೀರು ಮತ್ತು ರಂಜಕ ಒದಗಿಸುವ ಶಿಲೀಂಧ್ರದ ಜಾಲ ಹರಿಯುತ್ತದೆ, ಮೊಳೆಯಲೆಂದು ಬಿದ್ದ ಬೀಜಕ್ಕೆ ಹಾಸಿಗೆಯೇ ಇಲ್ಲವಾಗುತ್ತದೆ. ಶಿಲೀಂಧ್ರವನ್ನೇ ನಂಬಿ, ಎಷ್ಟೋ ಸಲ ತರಗೆಲೆಯ ಮೇಲಕ್ಕೆ ತಲೆಯನ್ನೂ ಎತ್ತದ ಗಾಬ್ಲಿನ್ ಫರ್ನ್ ಎಂಬ ಪುಟ್ಟ ಜರಿಗಿಡ ಹುಳು ಬಂದ ಕಡೆ ಕಣ್ಮರೆಯಾಗಿದೆ. ಕಷ್ಟಪಟ್ಟು ಎದ್ದ ನಾಲ್ಕು ಸಸಿಗಳನ್ನು ಜಿಂಕೆ ಮೇಯುತ್ತದೆ. ಕೊನೆಗೆ ಉಳಿಯುವುದು ಜೇಕಿನ ಜಾತಿಯ ಹುಲ್ಲು, ಮತ್ತೆ ನಮ್ಮ ಕೆಸುವಿನ ಬಳಗಕ್ಕೆ ಸೇರಿದ ಒಂದು ಗಿಡ. ಅದರಲ್ಲಿಯೂ ಬಾಯಿ ತುರಿಸುವ ಹರಳುಗಳಿವೆ.

“ಅಂದರೆ ಜಿಂಕೆಗೆ ಪತ್ರೊಡೆ ಮಾಡುವುದು ತಿಳಿದಿಲ್ಲ,” ಎಂದರು ಭಟ್ಟರು.

ಹುಳು ಇದೆಯೋ ಇಲ್ಲವೋ ಎಂದು ತಿಳಿಯುವ ಪರೀಕ್ಷೆ ನಮ್ಮ ಅಡುಗೆಮನೆಗೆ ಹತ್ತಿರದ್ದು. ಸುಮಾರು ನಾಲ್ಕು ಲೀಟರು ನೀರಿಗೆ ಮೂರನೇ ಒಂದು ಬಟ್ಟಲು ಸಾಸಿವೆ ಪುಡಿ ಕಲಸಿ ನೆಲಕ್ಕೆ ಹೊಯ್ಯಬೇಕು. ಮೈ ಉರಿಯೆದ್ದ ಹುಳುಗಳು ಒಂದೊಂದಾಗಿ ಮೇಲೆ ಬರುತ್ತವೆ. ರಾಯರು ಎಣಿಸಿದರು, ಭಟ್ಟರು ಮುಖ ತಿರುಗಿಸಿಕೊಂಡರು. ಕುತ್ತಿಗೆಗೆ ನುಣುಪಾದ ಬಿಳಿಯ ಪಟ್ಟಿಯಿದ್ದು, ಮುಟ್ಟಿದರೆ ಹಾವಿನ ಹಾಗೆ ಒದ್ದಾಡಿ ಬಾಲವನ್ನೇ ಕಳಚಿಕೊಳ್ಳುವ ಏಷ್ಯಾದ ಜಿಗಿಯುವ ಹುಳು ಇವುಗಳಲ್ಲಿ ಇಲ್ಲವೆಂದು ಶಾಂತಕ್ಕ ನಿಟ್ಟುಸಿರಿಟ್ಟರು. ಪಕ್ಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಅದು 2013ರಲ್ಲಿ ಪತ್ತೆಯಾಯಿತು. ಅದು ಹೊಕ್ಕ ಮಣ್ಣು ಫಿಲ್ಟರಿನಲ್ಲಿ ಉಳಿದ ಕಾಫಿಯ ಚರಟದಂತೆ ಕಾಳುಕಾಳಾಗುತ್ತದೆ. ಚಳಿಗೆ ಹುಳು ಸತ್ತರೂ ಮೊಟ್ಟೆಯ ಕೋಶಗಳು ಉಳಿಯುತ್ತವೆ. ಸಂತಾನಕ್ಕೆ ಜೋಡಿಯೂ ಬೇಕಿಲ್ಲ, ಒಂದೇ ಸಾಕು.

“ಇರಲಿ, ನನ್ನ ಗುಂಡಿಯ ಹುಳುಗಳಾದರೂ ಸ್ವದೇಶಿ,” ಎಂದು ಭಟ್ಟರು ಸಮಾಧಾನ ತಂದುಕೊಂಡರು.

“ಕೆಂಪಗೆ ದಪ್ಪಗಿವೆಯೇ? ಹಾಗಾದರೆ ಅವು ಬಹುಶಃ ಆಫ್ರಿಕಾದವು,” ಎಂದರು ಶಾಂತಕ್ಕ. “ಸಣ್ಣವಾಗಿದ್ದರೆ ಯುರೋಪಿನವು. ಆದರೆ ಅವು ಸಗಣಿ, ಕಸವನ್ನು ತಿಂದು ಬದುಕುವ ಜಾತಿಗಳು, ಬರೀ ಮಣ್ಣನ್ನು ನೆಚ್ಚುವುದಿಲ್ಲ. ನಮ್ಮ ಕಾಡಿಗೆ ಎರೆಹುಳು ಹೊಸದೂ ಅಲ್ಲ. ಭಾರತದಲ್ಲಿ ಅವುಗಳ 400ಕ್ಕೂ ಹೆಚ್ಚು ಜಾತಿಗಳಿವೆ. ದಕ್ಷಿಣ ಅಮೆರಿಕದ ಪಾಂಟೊಸ್ಕೊಲೆಕ್ಸ್ ಎಂಬ ಹುಳು ಮಾತ್ರ ಪಶ್ಚಿಮಘಟ್ಟದ ತೋಟಗಳಲ್ಲಿ ಬಹಳ ಹಿಂದೆಯೇ ನೆಲೆಯೂರಿದೆ.”

ಇಡೀ ಕಾಡಿನಿಂದ ಎರೆಹುಳುಗಳನ್ನು ತೆಗೆದುಹಾಕುವ ಉಪಾಯ ಯಾರ ಬಳಿಯೂ ಇಲ್ಲ. ಹೊಸ ಜಾಗಕ್ಕೆ ಒಯ್ಯದೆ ಇರುವುದು, ಬೂಟಿನ ಮಣ್ಣು ಕೊಡವುವುದು, ಮಿಕ್ಕ ಹುಳುಗಳನ್ನು ಕಸದ ಡಬ್ಬಿಗೆ ಹಾಕುವುದು, ಇಷ್ಟೇ ಸಾಧ್ಯ. ಅಷ್ಟರಲ್ಲಿ ರಾಯರ ಮೊಮ್ಮಗ ಅರ್ಧ ತುಂಬಿದ ಡಬ್ಬಿಯನ್ನು ತಂದು ಇದನ್ನೇನು ಮಾಡಲಿ ಎಂದು ಕೇಳಿದ. ಜೀವಂತ ಹುಳುವನ್ನು ಕಸಕ್ಕೆ ಎಸೆಯುವ ಮಾತು ಭಟ್ಟರಿಗೆ ಸಹಿಸಲಾಗಲಿಲ್ಲ. ದಡಕ್ಕೆ ಬಿಡೋಣವೆಂದರೆ ಶಾಂತಕ್ಕ ಎದುರಿಗೇ ನಿಂತಿದ್ದರು. ಹುಟ್ಟಾ ಸಸ್ಯಾಹಾರಿಯಾದ ಭಟ್ಟರು ಬಹಳ ಹೊತ್ತು ಯೋಚಿಸಿ, ಹಾಗಿದ್ದರೆ ನಾಳೆ ಬೆಳಿಗ್ಗೆ ತಾವೇ ಗಾಳ ಹಿಡಿದು ಡಬ್ಬಿ ಖಾಲಿ ಮಾಡುವುದಾಗಿ ಪ್ರಕಟಿಸಿದರು.

“ಅದಕ್ಕೆ ಲೈಸೆನ್ಸು ಬೇಕು,” ಎಂದರು ರಾಯರು.

“ಕಾಡನ್ನೇ ತಿಂದ ಹುಳುವಿಗೆ ಕೇಳದ ಕಾಗದಪತ್ರವನ್ನು ನನಗೊಬ್ಬನಿಗೇ ಎಷ್ಟು ಸಲ ಕೇಳುತ್ತೀರಿ?” ಎಂದು ಭಟ್ಟರು ಚಕ್ಕುಲಿಯ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.