62 ಬೀದಿದೀಪದಲ್ಲಿ 23 ಉರಿಯುತ್ತಿಲ್ಲ: ಪುರಸಭೆಯನ್ನು ಎಲ್ಲಿ ಹಿಡಿದು ಕೇಳಬೇಕು?

ಕತ್ತಲೆ ಅಡ್ಡರಸ್ತೆ

ಪುರಸಭೆ ವ್ಯಾಪ್ತಿಯ ಬಡಾವಣೆ. ಒಟ್ಟು 62 ಕಂಬ, 23ರಲ್ಲಿ ದೀಪ ಉರಿಯುತ್ತಿಲ್ಲ. 3ನೇ ಅಡ್ಡರಸ್ತೆ ಆ ತುದಿಯಿಂದ ಈ ತುದಿಗೆ ಕತ್ತಲು. ಮುಖ್ಯರಸ್ತೆಯಲ್ಲಿ ಎರಡು ಉರಿದರೆ ಮೂರನೆಯದು ಇಲ್ಲ, ಹಾಗೇ ಸಾಲಾಗಿ. ಉಳಿದವು ಅಲ್ಲೊಂದು ಇಲ್ಲೊಂದು. ಪಾರ್ಕಿನ ಪಕ್ಕದ ನಾಲ್ಕು ಮಾತ್ರ ಹಗಲೂ ಆರುವುದಿಲ್ಲ!

ಪುರಸಭೆಗೆ ಫೋನ್ ಮಾಡಿದರೆ "ಲೈನ್ ಎಸ್ಕಾಂನವರದು" ಅಂತಾರೆ, ವಿದ್ಯುತ್ ಕಂಪನಿ ಎಸ್ಕಾಂಗೆ ಮಾಡಿದರೆ "ದೀಪ ಪುರಸಭೆಯದು" ಅಂತಾರೆ. 140 ಜನ ಸಹಿ ಹಾಕಿದ ಮನವಿಯನ್ನು ವಾರ್ಡ್ ಸದಸ್ಯರ ಕೈಗೆ ಕೊಟ್ಟು ಎರಡು ತಿಂಗಳಾಯಿತು. ಈಗ ನಿವಾಸಿಗಳ ಸಂಘದಲ್ಲಿ ಕೆಲವರು ಧರಣಿ ಅನ್ನುತ್ತಿದ್ದಾರೆ, ಕೆಲವರು ಆಸ್ತಿ ತೆರಿಗೆ ಕಟ್ಟುವುದೇ ಬೇಡ ಅನ್ನುತ್ತಿದ್ದಾರೆ. ಎಲ್ಲಿಂದ ಶುರು ಮಾಡಬೇಕು, ಯಾರಿಗೆ ಏನು ಬರೆಯಬೇಕು, ತಿಳಿದವರು ಹೇಳಿ.

ಐದನೇ ತಂತಿ

23 ದೀಪ ಅಂತ ಒಂದ ಗಂಟು ಕಟ್ಟಬ್ಯಾಡ್ರಿ. ನೀವು ಬರದಿದ್ದು ನೋಡಿದ್ರ ಅಲ್ಲಿ ನಾಲ್ಕು ಬ್ಯಾರೆ ಬ್ಯಾರೆ ರೋಗ ಅದಾವ. ಒಂದೊಂದಕ್ಕ ಔಷಧಿ ಕೊಡಾವ್ರೂ ಬ್ಯಾರೆ.

3ನೇ ಅಡ್ಡರಸ್ತೆ: ಅಲ್ಲಿ ಮನಿಗೋಳಿಗೆ ಕರೆಂಟ್ ಐತಿ ಅಲ್ರಿ? ಹಂಗಂದ್ರ ಮೂರು ಫೇಸು, ನ್ಯೂಟ್ರಲ್ ಎಲ್ಲಾ ಸರಿ ಅದಾವ. ಹಗಲೊತ್ತಿನ್ಯಾಗ ಕತ್ತೆತ್ತಿ ತಂತಿ ಎಣಸ್ರಿ. ಸಾಮಾನ್ಯವಾಗಿ ಐದು ಇರ್ತಾವ. ಐದನೇದು ಬೀದಿದೀಪದ್ದ ತಂತಿ, ಸಂಜಿಗೆ ಪ್ಯಾನೆಲ್, ಅಂದ್ರ ಬೀದಿದೀಪ ಹಚ್ಚಿ ಆರಿಸೋ ಪೆಟ್ಟಿಗಿ, ಆನ್ ಆದ್ಮ್ಯಾಲೆ ಅಷ್ಟ ಅದರಾಗ ಕರೆಂಟ್ ಬರತೈತಿ. ಅದು ಎಲ್ಲೋ ಹರದಿರಬೇಕು, ಇಲ್ಲಾ ರಸ್ತೆ ಮೂಲ್ಯಾಗ ಜಂಪರ್, ಅಂದ್ರ ಎರಡು ತಂತಿ ಕೂಡಿಸೋ ತುಂಡು, ಬಿಟ್ಟಿರಬೇಕು. ಮೂಲಿ ಕಂಬ ಮೊದಲು ನೋಡ್ರಿ, ಹೆಚ್ಚಾಗಿ ಅಲ್ಲೇ ಸಿಗತೈತಿ. ಇದನ್ನ ಪುರಸಭೆ ಗುತ್ತಿಗೆದಾರ ಮುಟ್ಟಾಂಗಿಲ್ಲ. ಎಸ್ಕಾಂ ಕಂಬ, ಎಸ್ಕಾಂ ಲೈನು. ಎಲ್‌ಸಿ, ಅಂದ್ರ ಲೈನ್ ಬಂದ್ ಮಾಡಿ ಕೊಡೋ ಲೈನ್ ಕ್ಲಿಯರ್ ಅನುಮತಿ, ತಗೊಂಡ ಮ್ಯಾಲನ ಯಾರರ ಕಂಬ ಹತ್ತಬೇಕು.

ಮುಖ್ಯರಸ್ತೆ: ಅಲ್ಲಿ ನೆಲದಾಗ ಕೇಬಲ್ ಇರಬೇಕು ನೋಡ್ರಿ. ಅಂಥಲ್ಲಿ ದೀಪ ಆರ್, ವೈ, ಬಿ ಅಂತ ಮೂರು ಫೇಸಿಗೆ ಒಂದಾದ ಮ್ಯಾಲೊಂದರಂಗ ಹಂಚಿರ್ತಾರ. ಮೂರನೇದ್ದ ಸಾಲಾಗಿ ಆರಿತು ಅಂದ್ರ ಒಂದು ಫೇಸ್ ಹೋಗೇತಿ. ಪ್ಯಾನೆಲ್ಲಿನ ಆ ಫೇಸಿನ ಎಂಸಿಬಿ, ಅಂದ್ರ ಟ್ರಿಪ್ ಆಗೋ ಸ್ವಿಚ್, ಬಿದ್ದಿರಬೇಕು, ಇಲ್ಲಾ ಒಳಗ ಬರೋ ಫೇಸ್ ಇಲ್ಲ. ಅಕ್ಕಪಕ್ಕದ ಅಂಗಡಿ ಮನಿಯಾಗೂ ಒಂದು ಫೇಸ್ ಇಲ್ಲ ಅಂದ್ರ ಎಸ್ಕಾಂ. ಅವರದೆಲ್ಲ ಸರಿ ಐತಿ ಅಂದ್ರ ಪ್ಯಾನೆಲ್, ಅಂದ್ರ ಪುರಸಭೆ. ಎಂಸಿಬಿ ಎತ್ತಿದ ಕೂಡ್ಲೇ ಮತ್ತ ಬೀಳಾಕತ್ತೇತಿ ಅಂದ್ರ ಯಾವುದೋ ಕಂಬದ ತಳದ ಪೆಟ್ಟಿಗ್ಯಾಗ ನೀರು ಹೊಕ್ಕೇತಿ, ಇಲ್ಲಾ ಯಾರೋ ಪೈಪಿಗೆ ನೆಲ ಅಗದು ಕೇಬಲ್ ಕಡದಾರ.

ಹಗಲು ಉರಿಯೋ ನಾಲ್ಕು: ಇವನ್ನ ಯಾರೋ ಐದನೇ ತಂತಿ ಬಿಟ್ಟು ಸೀದಾ ಫೇಸಿಗೆ ಕಟ್ಟ್ಯಾರ. ಪಾರ್ಕಿನ್ಯಾಗ ಕತ್ತಲಿ ಅಂತ ಯಾರೋ ಜೀವ ತಿಂದಿರ್ತಾರ, ಇವರು ಜಂಪರ್ ಹಾಕಿ ಕೈ ತೊಳಕೊಂಡಿರ್ತಾರ. ಆ ಭಾಗದಾಗ ಎಲ್ಲಾ ದೀಪನೂ ಹಗಲು ಉರೀತಿದ್ವು ಅಂದಿದ್ರ ಪ್ಯಾನೆಲ್ಲಿನ ಕಾಂಟ್ಯಾಕ್ಟರ್ ಸ್ವಿಚ್ ಅಂಟಿಕೊಂಡೇತಿ ಅಂತ ಹೇಳತಿದ್ದೆ. ನಾಲ್ಕ ಅಂದ್ರ ಜಂಪರ್ರೇ.

ಬಿಡಿಬಿಡಿಯಾಗಿ ಆರಿದ್ದು: ಎಲ್‌ಇಡಿ ಆದ್ರ ಹೆಚ್ಚಾಗಿ ಡ್ರೈವರ್, ಅಂದ್ರ ದೀಪಕ್ಕ ಕರೆಂಟ್ ಹದಮಾಡಿ ಕೊಡೋ ಭಾಗ, ಸುಟ್ಟಿರತೈತಿ, ದೀಪದ ಬಿಲ್ಲೆ ಚಲೋನ ಇರತೈತಿ. ಸಿಡಿಲು, ವೋಲ್ಟೇಜ್ ಏರಿಳಿತಕ್ಕ ಮೊದಲ ಬಲಿ ಅದ. ಹಳೇ ಸೋಡಿಯಂ ದೀಪ ಹತ್ತಿ ಆರಿ, ಹತ್ತಿ ಆರಿ ಮಾಡಾಕತ್ತಿದ್ರ ಬಲ್ಬಿನ ಆಯುಷ್ಯ ಮುಗದೇತಿ, ಚೋಕ್ ಬದಲಸೋದು ದಂಡ.

ಒಂದ ಮಾತು: ಕಂಬದ ತಳದ ಪೆಟ್ಟಿಗಿ ನೀವು ತಗೀಬ್ಯಾಡ್ರಿ. ಮುಚ್ಚಳ ಇಲ್ದ ತಂತಿ ಹೊರಗ ಬಂದದ್ದು ಕಂಡ್ರ ಮನವಿ ಗಿನವಿ ಅನ್ನದ ಅವತ್ತ 1912ಕ್ಕ ಫೋನ್ ಮಾಡ್ರಿ, ಹುಡುಗೂರನ್ನ ದೂರ ಇಡ್ರಿ.

ಟಪಾಲು ವಿಭಾಗ

ಮೇಲಿನವರು ಹೇಳಿದ ವಿಂಗಡಣೆಯನ್ನೇ ಕಾಗದಕ್ಕೆ ಇಳಿಸಿ. ನಿಮ್ಮ 140 ಸಹಿಯ ಮನವಿ ಕಚೇರಿಯ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇಲ್ಲ, ಏಕೆಂದರೆ ಅದಕ್ಕೆ ಆವಕ ಸಂಖ್ಯೆ (ಕಚೇರಿಗೆ ಬಂದ ಕಾಗದದ ನೋಂದಣಿ ಸಂಖ್ಯೆ) ಬಿದ್ದಿಲ್ಲ. ಸದಸ್ಯರ ಕೈಗೆ ಕೊಟ್ಟ ಕಾಗದ ಸದಸ್ಯರ ಜೇಬಿನಲ್ಲಿರುತ್ತದೆ.

ಮೊದಲು ಸಮೀಕ್ಷೆ. ಇಬ್ಬರು ಸಾಕು, ಸಂಜೆ ಏಳೂವರೆಯಿಂದ ಒಂಬತ್ತು, ಬೇರೆ ಬೇರೆ ಮೂರು ರಾತ್ರಿ. ಒಂದೇ ರಾತ್ರಿ ಮಾಡಿದರೆ "ಅವತ್ತು ಲೈನ್ ಹೋಗಿತ್ತು" ಎಂದು ತಳ್ಳಿಹಾಕುತ್ತಾರೆ. ಕಾಲಂ ಐದೇ ಇರಲಿ: ಕಂಬದ ಸಂಖ್ಯೆ, ಎದುರು ಮನೆಯ ನಂಬರು, ದೀಪದ ಬಗೆ, ಸ್ಥಿತಿ, ನೋಡಿದ ದಿನಾಂಕ. ಕಂಬಕ್ಕೆ ನಂಬರು ಬರೆದಿಲ್ಲದಿದ್ದರೆ ನೀವೇ ಒಂದು ನಕ್ಷೆ ಗೀಚಿ 1ರಿಂದ 62 ಕೊಡಿ, ನಕ್ಷೆಯನ್ನೂ ಲಗತ್ತಿಸಿ. ರಾತ್ರಿ ತೆಗೆದ ಫೋಟೊದಲ್ಲಿ ಕತ್ತಲು ಬಿಟ್ಟು ಬೇರೇನೂ ಕಾಣುವುದಿಲ್ಲ. ಹಗಲು ಕಂಬದ ಫೋಟೊ ತೆಗೆದು ಅದರ ಸಂಖ್ಯೆ ಬರೆದಿಟ್ಟರೆ ಲೈನ್‌ಮ್ಯಾನ್‌ಗೆ ಹುಡುಕಲು ಸುಲಭ.

ಅರ್ಜಿ ಯಾರ ಹೆಸರಿಗೆ ಎನ್ನುವುದರಲ್ಲಿ ಬಹಳ ಜನ ಎಡವುತ್ತಾರೆ. ಪುರಸಭೆ, ಪಟ್ಟಣ ಪಂಚಾಯಿತಿಗೆ ಮುಖ್ಯಾಧಿಕಾರಿ, ನಗರಸಭೆಗೆ ಪೌರಾಯುಕ್ತರು, ಮಹಾನಗರ ಪಾಲಿಕೆಗೆ ಆಯುಕ್ತರು. ಅಧ್ಯಕ್ಷರಿಗೆ, ಸದಸ್ಯರಿಗೆ ಪ್ರತಿ ಕೊಡಿ, ಆದರೆ "ಇವರಿಗೆ" ಎನ್ನುವ ಜಾಗದಲ್ಲಿ ಮುಖ್ಯಾಧಿಕಾರಿಯೇ ಇರಲಿ. ಕಾರ್ಯಾದೇಶಕ್ಕೆ ಸಹಿ ಹಾಕುವವರು ಅವರು. ಬೀದಿಗೆ ಬೆಳಕು ಕೊಡುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ 87ನೇ ಕಲಮಿನ ಪ್ರಕಾರ ಕಡ್ಡಾಯ ಕರ್ತವ್ಯ. ಅನುದಾನ ಬಂದಾಗ ಮಾಡಿದರಾಯಿತು ಎನ್ನುವ ಸಾಲಿನದಲ್ಲ. ಇದನ್ನು ಒಂದೇ ವಾಕ್ಯದಲ್ಲಿ ಬರೆದು ಮುಂದೆ ಹೋಗಿ, ಉಪನ್ಯಾಸ ಬೇಡ.

ಬೇಡಿಕೆ ಹೀಗಿರಲಿ: "ಪುರಸಭೆಯ ಕಿರಿಯ ಅಭಿಯಂತರರು ಮತ್ತು ಎಸ್ಕಾಂ ಶಾಖಾಧಿಕಾರಿಯವರ ಜಂಟಿ ಪರಿಶೀಲನೆಗೆ ದಿನಾಂಕ ನಿಗದಿಪಡಿಸಿ ನಮಗೆ ತಿಳಿಸಬೇಕು." ಇಡೀ ಅರ್ಜಿಯ ಜೀವ ಈ ಸಾಲಿನಲ್ಲಿದೆ. ದೀಪ ಸರಿಪಡಿಸಿ ಎಂದಷ್ಟೇ ಬರೆದರೆ ಎರಡು ಕಚೇರಿಗಳ ನಡುವೆ ಚೆಂಡಾಟ ಮುಂದುವರಿಯುತ್ತದೆ. ಇಬ್ಬರೂ ಒಂದೇ ಕಂಬದ ಕೆಳಗೆ ನಿಂತರೆ ಯಾರದು ಎನ್ನುವ ಪ್ರಶ್ನೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ, ಎಲ್‌ಸಿ ಕೂಡ ಅದೇ ದಿನ ಸಿಗುತ್ತದೆ. ಇದೇ ಅರ್ಜಿಯನ್ನು ಎಸ್ಕಾಂ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ ಅವರಿಗೂ ಪ್ರತ್ಯೇಕವಾಗಿ ಕೊಡಿ.

ಎರಡು ಪ್ರತಿ ಒಯ್ಯಿರಿ. ಒಂದು ಅವರಿಗೆ, ಇನ್ನೊಂದರ ಮೇಲೆ ಮುದ್ರೆ, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಂಡು ವಾಪಸ್. "ಸಾಹೇಬ್ರು ಇಲ್ಲ, ನಾಳೆ ಬನ್ನಿ" ಅಂದರೆ ವಾದ ಬೇಡ, ಸೀದಾ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಜತೆಗೆ ಪೌರಾಡಳಿತದ ಜನಹಿತ ಆ್ಯಪ್‌ನಲ್ಲೋ 1902 ಸಹಾಯವಾಣಿಯಲ್ಲೋ ದೂರು ದಾಖಲಿಸಿ, ಒಂದೊಂದು ಬಗೆಯ ದೋಷಕ್ಕೆ ಒಂದೊಂದು ದೂರು. 23ನ್ನೂ ಒಂದೇ ದೂರಿನಲ್ಲಿ ತುಂಬಿದರೆ ಎರಡು ದೀಪ ಹಾಕಿ "ಪರಿಹರಿಸಲಾಗಿದೆ" ಎಂದು ಮುಚ್ಚುತ್ತಾರೆ.

ಹದಿನೈದು ದಿನ ನೋಡಿ. ಕದಲದಿದ್ದರೆ ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೆ ಜ್ಞಾಪನ ಪತ್ರ, ಅದರಲ್ಲಿ ಆವಕ ಸಂಖ್ಯೆಯ ಉಲ್ಲೇಖ.

ಹತ್ತು ರೂಪಾಯಿ ಪೋಸ್ಟಲ್ ಆರ್ಡರ್

ಹದಿನೈದು ದಿನ ಕಾಯುವಾಗಲೇ ಮಾಹಿತಿ ಹಕ್ಕು ಅರ್ಜಿ ಹಾಕಿಬಿಡಿ, ಅದಕ್ಕೇ 30 ದಿನ ಬೇಕು. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಇದು ಗೊತ್ತಿಲ್ಲದೆ ಮೂರು ಪುಟ ಬರೆದವರ ಅರ್ಜಿ ವಾಪಸ್ ಬರುತ್ತದೆ. "ದೀಪ ಏಕೆ ಉರಿಯುತ್ತಿಲ್ಲ" ಎಂದು ಕೇಳಬೇಡಿ. ಏಕೆ ಎನ್ನುವುದಕ್ಕೆ ಕಡತ ಇರುವುದಿಲ್ಲ, "ಮಾಹಿತಿ ಲಭ್ಯವಿಲ್ಲ" ಎಂದು ಬರುತ್ತದೆ. ಇರುವ ಕಾಗದವನ್ನು ಕೇಳಿ:

ಬೀದಿದೀಪ ನಿರ್ವಹಣೆಯ ಚಾಲ್ತಿ ಗುತ್ತಿಗೆಯ ಕಾರ್ಯಾದೇಶ ಮತ್ತು ಷರತ್ತುಗಳ ದೃಢೀಕೃತ ಪ್ರತಿ. ಕಳೆದ ಆರು ತಿಂಗಳಲ್ಲಿ ಗುತ್ತಿಗೆದಾರರಿಗೆ ಪಾವತಿಸಿದ ಬಿಲ್ಲು ಹಾಗೂ ಅಳತೆ ಪುಸ್ತಕದ (ಮಾಡಿದ ಕೆಲಸದ ಅಳತೆ ಬರೆದಿಡುವ ದಾಖಲೆ) ಸಂಬಂಧಪಟ್ಟ ಪುಟಗಳು. ನಿಮ್ಮ ವಾರ್ಡಿನ ಬೀದಿದೀಪ ಪ್ಯಾನೆಲ್‌ಗಳ ಆರ್‌.ಆರ್. ಸಂಖ್ಯೆ (ವಿದ್ಯುತ್ ಸಂಪರ್ಕದ ಸಂಖ್ಯೆ) ಮತ್ತು ಆ ಅವಧಿಯ ವಿದ್ಯುತ್ ಬಿಲ್ಲು. ಇಷ್ಟೇ. ಪುಟಕ್ಕೆ 2 ರೂಪಾಯಿ ಕಟ್ಟಿಸಿಕೊಂಡು ಕೊಡುತ್ತಾರೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದಕ್ಕೆ ಶುಲ್ಕ ಇಲ್ಲ.

ಕಾರ್ಯಾದೇಶದಲ್ಲಿ ಕೆಟ್ಟ ದೀಪವನ್ನು ಎಷ್ಟು ಗಂಟೆಯಲ್ಲಿ ಸರಿಪಡಿಸಬೇಕು, ತಡವಾದರೆ ದಿನಕ್ಕೆ ಎಷ್ಟು ಕಡಿತ ಎಂಬ ಷರತ್ತು ಹುಡುಕಿ. ನಂತರ ಬಿಲ್ಲು ನೋಡಿ. 23 ದೀಪ ಎರಡು ತಿಂಗಳು ಆರಿದ್ದು, ಕಡಿತದ ಕಾಲಂನಲ್ಲಿ ಸೊನ್ನೆ ಇದ್ದರೆ ನಿಮ್ಮ ಮುಂದಿನ ಪತ್ರ ತಾನೇ ತಾನಾಗಿ ಬರೆಸಿಕೊಳ್ಳುತ್ತದೆ.

ವಿದ್ಯುತ್ ಬಿಲ್ಲು ಕೇಳಲು ಹೇಳಿದ್ದು ಈ ಲೆಕ್ಕಕ್ಕೆ. ದೀಪ 35 ವ್ಯಾಟಿನದು, ರಾತ್ರಿಗೆ ಹನ್ನೊಂದೂವರೆ ಗಂಟೆ ಉರಿಯುತ್ತದೆ ಎಂದುಕೊಳ್ಳಿ. 62 ದೀಪಕ್ಕೆ 2.17 ಕಿಲೋವ್ಯಾಟ್, ದಿನಕ್ಕೆ 25 ಯೂನಿಟ್ ಹತ್ತಿರ, ತಿಂಗಳಿಗೆ 750. 39 ಮಾತ್ರ ಉರಿದರೆ ಸುಮಾರು 470. ಬಿಲ್ಲು ಈಗಲೂ 750ರ ಆಸುಪಾಸು ಬರುತ್ತಿದ್ದರೆ ಮೀಟರ್ ಓದದೇ ಸರಾಸರಿ ಹಾಕುತ್ತಿದ್ದಾರೆ, ಇಲ್ಲವೇ ಆ ಪ್ಯಾನೆಲ್‌ನಿಂದ ಬೇರೆ ಏನೋ ಉರಿಯುತ್ತಿದೆ. ಕೌನ್ಸಿಲ್ ಸಭೆಯಲ್ಲಿ ಸದಸ್ಯರು ಎತ್ತಿ ಆಡಬಹುದಾದ ಅಂಕಿ ಇದು, "ತುಂಬಾ ಕತ್ತಲು ಸ್ವಾಮಿ" ಅನ್ನುವುದಕ್ಕಿಂತ ಬೇಗ ಕಿವಿಗೆ ಬೀಳುತ್ತದೆ. ವ್ಯಾಟ್ ಎಷ್ಟು ಎನ್ನುವುದನ್ನು ಊಹಿಸಬೇಡಿ, ಕಾರ್ಯಾದೇಶದಲ್ಲೇ ಇರುತ್ತದೆ.

ಐದನೇ ತಂತಿ

ಲೆಕ್ಕ ಬರೋಬ್ಬರಿ ಐತಿ. ಸಣ್ಣದೊಂದು ತಿದ್ದುಪಡಿ: ಹಗಲು ಉರಿಯೋ ನಾಲ್ಕು ಸೀದಾ ಫೇಸಿಗೆ ಕಟ್ಟಿದ್ರ ಅವು ಪ್ಯಾನೆಲ್ ಮೀಟರಿನ್ಯಾಗ ಬರಂಗಿಲ್ಲ. ಅಂದ್ರ ಮೀಟರ್ ಕಾಣೋದು 35 ದೀಪ ಅಷ್ಟ, ತಿಂಗಳಿಗೆ 420 ಯೂನಿಟ್ಟಿನ ಮ್ಯಾಲೆ. ಎಸ್ಕಾಂಗೆ ಬರಿಯೋವಾಗ ಈ ನಾಲ್ಕನ್ನ ಮೊದಲನೇ ಸಾಲಿನ್ಯಾಗ ಬರೀರಿ. ಲೆಕ್ಕಕ್ಕಿಲ್ಲದ ಕರೆಂಟ್ ಅಂದ್ರ ಅವರು ಲಗೂನ ಬರ್ತಾರ.

ಕತ್ತಲೆ ಅಡ್ಡರಸ್ತೆ

ಸಮೀಕ್ಷೆ ಈ ವಾರವೇ ಶುರು. ಎರಡು ಸಂಶಯ. ಪುರಸಭೆಯವರು ಮಾತಿನ ನಡುವೆ "ನಿಮ್ಮ ಬಡಾವಣೆಯ ಹಿಂದಿನ ಭಾಗ ನಮಗೆ ಹಸ್ತಾಂತರವೇ ಆಗಿಲ್ಲ" ಅಂದರು. ಅದು ನಿಜವಾಗಿದ್ದರೆ? ಮತ್ತೆ, ಮನೆಗೆ ಇನ್ನೂರು ರೂಪಾಯಿ ಎತ್ತಿ ನಾವೇ ದೀಪ ಹಾಕಿಸಿದರೆ ತಪ್ಪೇ?

ಟಪಾಲು ವಿಭಾಗ

ಹಸ್ತಾಂತರದ ಮಾತನ್ನು ಬಾಯಲ್ಲಿ ಒಪ್ಪಬೇಡಿ. ಬಡಾವಣೆಯ ಅನುಮೋದಿತ ವಿನ್ಯಾಸ ನಕ್ಷೆ, ರಸ್ತೆ ಮತ್ತು ಪಾರ್ಕ್ ಹಸ್ತಾಂತರದ ಪತ್ರ, ಎರಡರ ಪ್ರತಿಯನ್ನೂ ಪ್ರತ್ಯೇಕ ಮಾಹಿತಿ ಹಕ್ಕು ಅರ್ಜಿಯಲ್ಲಿ ಕೇಳಿ. ನಿಜವಾಗಿಯೂ ಆಗಿಲ್ಲದಿದ್ದರೆ ಆ ಭಾಗದ ದೀಪದ ಹೊಣೆ ಬಡಾವಣೆ ಮಾಡಿದವರ ಮೇಲೆ. ಆಗ ಹೋರಾಟ ದೀಪಕ್ಕಲ್ಲ, ಬಾಕಿ ಕೆಲಸ ಮುಗಿಸಿ ಹಸ್ತಾಂತರ ಮಾಡಿಸುವುದಕ್ಕೆ, ಅದು ಬೇರೆಯೇ ದಾರಿ. ಅದಕ್ಕೇ ಸಮೀಕ್ಷೆಯ ಪಟ್ಟಿಯಲ್ಲಿ ಹಿಂದಿನ ಭಾಗವನ್ನು ಈಗಲೇ ಬೇರೆ ಹಾಳೆಗೆ ಹಾಕಿ. ಇಲ್ಲದಿದ್ದರೆ ಆ ಭಾಗದ ಕಂಬಗಳ ನೆಪದಲ್ಲಿ ಉಳಿದವೂ ಕೂರುತ್ತವೆ.

ನೀವೇ ದೀಪ ಹಾಕಿಸುವುದು ಬೇಡ. ಎಸ್ಕಾಂ ಕಂಬಕ್ಕೆ ಖಾಸಗಿ ಎಲೆಕ್ಟ್ರಿಷಿಯನ್ ಹತ್ತಿಸಿದರೆ ಅದು ಅನಧಿಕೃತ ಸಂಪರ್ಕ, ಏನಾದರೂ ಆದರೆ ಸಂಘದ ಪದಾಧಿಕಾರಿಗಳ ತಲೆಗೆ. ಮೇಲಾಗಿ ನೀವು ಹಾಕಿದ ದೀಪವೂ ಗುತ್ತಿಗೆದಾರರ ಬಿಲ್ಲಿನಲ್ಲಿ ಸೇರಬಹುದು.

ತೆರಿಗೆ ನಿಲ್ಲಿಸುವ ಯೋಚನೆ ಬಿಡಿ. ಏಪ್ರಿಲ್‌ನ ಶೇ 5 ರಿಯಾಯಿತಿ ಕಳೆದುಕೊಳ್ಳುತ್ತೀರಿ, ಆಮೇಲೆ ದಂಡ ಬೀಳುತ್ತದೆ, ಕಚೇರಿಗೆ ಹೋದರೆ ಮೊದಲು "ನಿಮ್ಮ ಬಾಕಿ ಎಷ್ಟಿದೆ" ಅಂತಾರೆ. ಉಲ್ಟಾ, ತೆರಿಗೆ ರಸೀದಿಯ ಜೆರಾಕ್ಸನ್ನೇ ಅರ್ಜಿಗೆ ಲಗತ್ತಿಸಿ.

ಹತ್ತು ರೂಪಾಯಿ ಪೋಸ್ಟಲ್ ಆರ್ಡರ್

ತೆರಿಗೆ ನಿಲ್ಲಿಸುವುದು ಬೇಡ ಸರಿ, ಧರಣಿಯನ್ನು ಮಾತ್ರ ಪೂರ್ತಿ ಬಿಡಬೇಡಿ. ಆದರೆ ಜಂಟಿ ಪರಿಶೀಲನೆಯ ದಿನಾಂಕ ಕೊಟ್ಟು ತಪ್ಪಿಸಿದ ಮರುದಿನಕ್ಕೆ ಇಟ್ಟುಕೊಳ್ಳಿ, ಅಷ್ಟು ಹೊತ್ತಿಗೆ ಕೈಯಲ್ಲಿ ಕಾರ್ಯಾದೇಶ ಇರುತ್ತದೆ. ಹೊಸ ಕಂಬ ಬೇಕಿದ್ದರೆ ಈ ಅರ್ಜಿಗೆ ಸೇರಿಸಬೇಡಿ. ಅದು ರಿಪೇರಿ ಅಲ್ಲ, ಹೊಸ ಕಾಮಗಾರಿ. ಡಿಸೆಂಬರ್-ಜನವರಿಯಲ್ಲಿ ಬಜೆಟ್ ಪೂರ್ವಭಾವಿ ಸಭೆ ಕರೆಯುತ್ತಾರಲ್ಲ, ಅಲ್ಲಿಗೆ ಪ್ರತ್ಯೇಕ ಪಟ್ಟಿ ಒಯ್ಯಿರಿ.

ಐದನೇ ತಂತಿ

ಪರಿಶೀಲನೆಗೆ ಹಗಲು ಹನ್ನೊಂದಕ್ಕ ಬರ್ತೀವಿ ಅಂತಾರ, ಒಪ್ಪಬ್ಯಾಡ್ರಿ. ಹಗಲು ಬಂದ್ರ ಉರಿಯೋ ನಾಲ್ಕು ಅಷ್ಟ ಕಾಣ್ತಾವ. ಸಂಜಿ ಆರೂವರಿ ಅನ್ರಿ, ಪ್ಯಾನೆಲ್ ಬೀಗದ ಕೈ ತರಾಕ ಹೇಳ್ರಿ.