ಬಡಾವಣೆಯ ಸಂಘದ ತಿಂಗಳ ಸಭೆ ನಿಲ್ಲದೆ ನಡೆಯಲು ಏನು ಮಾಡಬೇಕು? ನಿಮ್ಮ ಅನುಭವ ತಿಳಿಸಿ

ದಟ್ಟಗಳ್ಳಿ, ಮೈಸೂರು (ಕೇಳಿದವರು)

ನಮ್ಮ ಬಡಾವಣೆಯಲ್ಲಿ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ ಹೆಸರಿಗೆ ಇದೆ. ಗಣೇಶೋತ್ಸವಕ್ಕೂ ರಾಜ್ಯೋತ್ಸವಕ್ಕೂ ಎಲ್ಲರೂ ಸೇರುತ್ತಾರೆ. ತಿಂಗಳ ಸಭೆ ಕರೆದರೆ ಮಾತ್ರ ಪದಾಧಿಕಾರಿಗಳನ್ನು ಬಿಟ್ಟು ಇಬ್ಬರೋ ಮೂವರೋ ಬರುತ್ತಾರೆ. ಬಂದವರೂ ಹಳೆಯ ದೂರನ್ನೇ ಮತ್ತೆ ಹೇಳಿ ಬೇಸರದಿಂದ ಎದ್ದು ಹೋಗುತ್ತಾರೆ. ಈ ವರ್ಷ ಕಾರ್ಯದರ್ಶಿಯ ಹೊಣೆ ನನಗೆ ಬಂದಿದೆ. ಸಭೆಯನ್ನು ತಪ್ಪದೆ ನಡೆಸಿ, ಅದರಿಂದ ಕೆಲಸವೂ ಆಗುವಂತೆ ನೋಡಿಕೊಂಡವರು ದಯವಿಟ್ಟು ದಾರಿ ತಿಳಿಸಿ.

ಕುವೆಂಪುನಗರ, ಮೈಸೂರು

ಮೇಡಂ, ನಮ್ಮ ರಸ್ತೆಗಳ ಸಂಘದಲ್ಲಿ ಹಲವು ವರ್ಷ ಕಾರ್ಯದರ್ಶಿಯಾಗಿದ್ದ ಅನುಭವದಿಂದ ಹೇಳುವುದಾದರೆ, ಜನ ಸಭೆಗೆ ಬಾರದಿರುವುದಕ್ಕೆ ಅವರ ಉದಾಸೀನ ಕಾರಣವಲ್ಲ. ಹೋದ ಸಭೆಯಲ್ಲಿ ತಾವು ಹೇಳಿದ ಮಾತು ಏನಾಯಿತೆಂದು ಯಾರೂ ತಿಳಿಸದಿದ್ದರೆ, ಮುಂದಿನ ಸಭೆಗೆ ಬರಲು ಅವರಿಗೆ ಕಾರಣವೇ ಉಳಿಯುವುದಿಲ್ಲ. ಆದ್ದರಿಂದ ಹಾಜರಾತಿಯ ಚಿಂತೆಯನ್ನು ಸ್ವಲ್ಪ ಕಾಲ ಬದಿಗಿಟ್ಟು, ಮೊದಲು ನಡಾವಳಿ ಪುಸ್ತಕವನ್ನು ಸರಿಪಡಿಸಿಕೊಳ್ಳಿ.

ನಮ್ಮ ನಡಾವಳಿ ಪುಸ್ತಕ ಒಂದು ದಪ್ಪ ರಟ್ಟಿನ ಉದ್ದನೆಯ ರಿಜಿಸ್ಟರ್. ಎಡಪುಟದಲ್ಲಿ ಹಾಜರಿದ್ದವರ ಸಹಿ ಮತ್ತು ಚರ್ಚೆಯ ಸಾರ ಇರುತ್ತದೆ. ಬಲಪುಟಕ್ಕೆ ಐದು ಕಾಲಂ ಗೆರೆ ಹಾಕಿದ್ದೇವೆ: ವಿಷಯ, ವಹಿಸಿಕೊಂಡವರ ಹೆಸರು, ಹೋಗಬೇಕಾದ ಕಚೇರಿ, ಅರ್ಜಿ ಕೊಟ್ಟ ದಿನಾಂಕ ಮತ್ತು ಸ್ವೀಕೃತಿ ಸಂಖ್ಯೆ, ಕೊನೆಗೆ ಏನಾಯಿತು ಎಂಬುದು. ಸಭೆ ಶುರುವಾದ ಕೂಡಲೇ, ಸ್ವಾಗತ ಭಾಷಣಕ್ಕೂ ಮುಂಚೆ, ಈ ಬಲಪುಟವನ್ನು ಗಟ್ಟಿಯಾಗಿ ಓದುತ್ತೇವೆ. ಆಗದ ಕೆಲಸವನ್ನು ‘ಆಗಿಲ್ಲ’ ಎಂದೇ ಓದಬೇಕು. ‘ಪ್ರಗತಿಯಲ್ಲಿದೆ’ ಎಂಬ ಮಾತಿಗೆ ಅಲ್ಲಿ ಜಾಗ ಕೊಡಬಾರದು. ವಹಿಸಿಕೊಂಡವರು ಎದ್ದು ನಿಂತು ಕಾರಣ ಹೇಳುತ್ತಾರೆ, ಬೇಕಿದ್ದರೆ ಇನ್ನೊಬ್ಬರು ಜೊತೆಗೂಡುತ್ತಾರೆ. ಹೊಸ ವಿಷಯಗಳನ್ನು ಆಮೇಲೆ ತೆಗೆದುಕೊಳ್ಳುತ್ತೇವೆ, ಅವೂ ಮೂರನ್ನು ಮೀರುವುದಿಲ್ಲ. ಯಾರ ಹೆಸರೂ ಬರೆದುಕೊಳ್ಳದೆ ‘ಸಂಘದ ವತಿಯಿಂದ ಕ್ರಮ ಕೈಗೊಳ್ಳುವುದು’ ಎಂದು ನಿರ್ಣಯ ಬರೆದರೆ ಆ ಕೆಲಸವನ್ನು ಯಾರೂ ಮಾಡುವುದಿಲ್ಲ.

ಎರಡನೆಯದು, ದೂರಿನ ಸ್ವರೂಪ. ‘ನೀರು ಸರಿಯಾಗಿ ಬರುತ್ತಿಲ್ಲ’ ಎಂಬ ಮಾತು ನಮ್ಮಲ್ಲಿ ಪ್ರತಿ ಬೇಸಿಗೆಯ ಸಭೆಯಲ್ಲೂ ಬರುತ್ತಿತ್ತು, ಅರ್ಜಿಯೂ ಅದೇ ಮಾತಿನಲ್ಲಿ ಹೋಗುತ್ತಿತ್ತು, ಎಂಜಿನಿಯರ್ ಕಡೆಯಿಂದ ‘ಮೇಲಿನಿಂದಲೇ ಸರಬರಾಜು ಕಡಿಮೆ’ ಎಂಬ ಒಂದೇ ಉತ್ತರ ಬರುತ್ತಿತ್ತು. ಮೈಸೂರಿಗೆ ಹೊಂಗಳ್ಳಿ, ಬೆಳಗೊಳ, ಮೇಳಾಪುರಗಳಿಂದ ಕಾವೇರಿ ನೀರೂ ಬಿದರಗೋಡಿನಿಂದ ಕಬಿನಿ ನೀರೂ ಬರುವುದರಿಂದ, ಅಲ್ಲಿ ಪಂಪ್ ನಿಂತ ದಿನ ಆ ಉತ್ತರ ನಿಜವೂ ಆಗಿರುತ್ತದೆ. ಒಂದು ಸಭೆಯಲ್ಲಿ, ನಿವೃತ್ತ ಉಪಾಧ್ಯಾಯಿನಿಯೊಬ್ಬರು ಪ್ರತಿ ಕ್ರಾಸಿನಲ್ಲಿ ಒಂದೊಂದು ಮನೆಯವರು ನೀರು ಬಂದ ಹೊತ್ತು, ನಿಂತ ಹೊತ್ತು, ಸಂಪು ಎಷ್ಟು ತುಂಬಿತು ಎಂಬುದನ್ನು ಕ್ಯಾಲೆಂಡರಿನ ಮೇಲೆಯೇ ಗುರುತು ಹಾಕಿಕೊಳ್ಳಲಿ ಎಂದು ಸೂಚಿಸಿದರು. ಮುಂದಿನ ಸಭೆಗೆ ಎಲ್ಲರೂ ಕ್ಯಾಲೆಂಡರಿನ ಹಾಳೆಗಳನ್ನೇ ಹಿಡಿದು ಬಂದರು. ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ವಿಷಯ ತಾನಾಗಿಯೇ ಸ್ಪಷ್ಟವಾಯಿತು: ಎರಡು ಕ್ರಾಸುಗಳಿಗೆ ಬೆಳಗಿನ ಜಾವ ನೀರು ಯಥೇಚ್ಛವಾಗಿ ಬರುತ್ತಿತ್ತು, ಏರಿನಲ್ಲಿದ್ದ ಕ್ರಾಸಿಗೆ ಅದೇ ಹೊತ್ತಿನಲ್ಲಿ ವಾಲ್ವ್ ತೆರೆಯುತ್ತಿದ್ದುದರಿಂದ ಅಲ್ಲಿಗೆ ಒತ್ತಡವೇ ಸಾಲುತ್ತಿರಲಿಲ್ಲ. ಆ ಹಾಳೆಗಳ ನಕಲನ್ನು ಅರ್ಜಿಗೆ ಲಗತ್ತಿಸಿ, ಏರಿನ ಕ್ರಾಸಿಗೆ ಬೇರೆ ಹೊತ್ತಿನಲ್ಲಿ ನೀರು ಬಿಡಬೇಕೆಂದು ವಾಣಿವಿಲಾಸ ನೀರು ಸರಬರಾಜು ಕಚೇರಿಗೆ ಕೇಳಿಕೊಂಡೆವು. ಹೊಸ ಕೊಳವೆಯಾಗಲಿ ಟೆಂಡರಾಗಲಿ ಬೇಕಾಗಲಿಲ್ಲ, ನೀರು ಬಿಡುವವರ ವೇಳಾಪಟ್ಟಿ ಬದಲಾಯಿತು, ಅಷ್ಟೇ. ಆ ತಿಂಗಳ ನಂತರ ಏರಿನ ಕ್ರಾಸಿನವರು ಯಾವ ಸಭೆಯನ್ನೂ ತಪ್ಪಿಸಿಲ್ಲ.

ಬೀದಿದೀಪದ ದೂರಿಗೂ ಹೀಗೆಯೇ ಕಂಬದ ಮೇಲೆ ಬರೆದಿರುವ ಸಂಖ್ಯೆಯನ್ನು ಸೇರಿಸಿ. ಅದಿಲ್ಲದಿದ್ದರೆ ಕಂಬ ಹತ್ತುವವರು ಹಗಲಿನಲ್ಲಿ ಬಂದು, ಕೆಟ್ಟ ದೀಪ ಯಾವುದೆಂದು ತಿಳಿಯದೆ ಹಿಂತಿರುಗುತ್ತಾರೆ.

ಯಾವ ಕೆಲಸ ಯಾವ ಕಚೇರಿಯದು ಎಂಬುದನ್ನು ಮೊದಲ ಸಭೆಯಲ್ಲಿಯೇ ಬರೆದು ಎಲ್ಲರಿಗೂ ಹಂಚಿಬಿಡಿ. ಬೀದಿದೀಪ ಪಾಲಿಕೆಯ ವಿದ್ಯುತ್ ವಿಭಾಗಕ್ಕೆ ಸೇರಿದ್ದು; ಮನೆಯ ಕರೆಂಟು, ಟ್ರಾನ್ಸ್‌ಫಾರ್ಮರ್, ಜೋತುಬಿದ್ದ ತಂತಿ ವಿದ್ಯುತ್ ಸರಬರಾಜು ಕಂಪನಿಯಾದ ಸೆಸ್ಕ್‌ಗೆ ಸೇರಿದ್ದು, ಅದಕ್ಕೆ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಬೇಕು. ಕಸ, ಚರಂಡಿ, ಯುಜಿಡಿ (ಒಳಚರಂಡಿ), ಉದ್ಯಾನದ ಕೆಲಸಗಳಿಗೆ ಪಾಲಿಕೆಯ ಒಂಬತ್ತು ವಲಯ ಕಚೇರಿಗಳಲ್ಲಿ ನಿಮ್ಮದು ಯಾವುದೋ ಅಲ್ಲಿಗೆ ಹೋಗಬೇಕು. ನಿಮ್ಮ ಬಡಾವಣೆಯ ಅಂಚಿನ ರಸ್ತೆಗಳು ಪಾಲಿಕೆಗೆ ಸೇರಿವೆಯೋ ಇಲ್ಲವೋ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಹೂಟಗಳ್ಳಿ ನಗರಸಭೆಯಾಗಿ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾಗಿ ರಚನೆಯಾದ ಮೇಲೆ, ರಸ್ತೆಯ ಈ ಬದಿ ಒಂದು ಆಡಳಿತ, ಆ ಬದಿ ಇನ್ನೊಂದು ಆಡಳಿತ ಎಂಬ ಸ್ಥಿತಿ ಹಲವೆಡೆ ಉಂಟಾಗಿತ್ತು. ಖಾಸಗಿ ಬಡಾವಣೆಯಾದರೆ ಅದು ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾಗಿದೆಯೇ ಎಂಬುದೇ ಮೊದಲ ಪ್ರಶ್ನೆ. ಹಸ್ತಾಂತರವಾಗದ ಬಡಾವಣೆಯಲ್ಲಿ ಒಂದು ಗುಂಡಿ ಮುಚ್ಚಿಸುವುದಕ್ಕೂ ಕಚೇರಿಗಳು ಪರಸ್ಪರ ಬೆರಳು ತೋರಿಸುತ್ತವೆ.

ಮೊದಲು ಇಂಥ ಅಲೆದಾಟದಲ್ಲಿ ನಗರಪಾಲಿಕೆ ಸದಸ್ಯರು ನೆರವಾಗುತ್ತಿದ್ದರು. 65 ವಾರ್ಡುಗಳ ಚುನಾಯಿತ ಪರಿಷತ್ತಿನ ಅವಧಿ 2023ರ ನವೆಂಬರ್‌ನಲ್ಲಿ ಮುಗಿದು ಆಡಳಿತಾಧಿಕಾರಿಗಳ ಆಡಳಿತ ಬಂದಾಗ, ಬೆಳಗ್ಗೆ ಮನೆಯ ಬಾಗಿಲಿಗೆ ಹೋಗಿ ಕೇಳಬಹುದಾದ ಆ ಒಬ್ಬ ವ್ಯಕ್ತಿ ಇಲ್ಲದಂತಾಯಿತು. ಸಂಘದ ಸಭೆ ಎಷ್ಟು ಅಗತ್ಯವೆಂಬುದು ನಮಗೆ ಪೂರ್ತಿಯಾಗಿ ಅರಿವಾದದ್ದು ಆಗಲೇ. ಒಬ್ಬೊಬ್ಬರೇ ಹೋಗಿ ಕೊಟ್ಟ ಅರ್ಜಿಗಿಂತ, ನಿರ್ಣಯದ ಪ್ರತಿಯೊಂದಿಗೆ ಹಲವರ ಸಹಿಯಿದ್ದ ಅರ್ಜಿಗೆ ಟಪಾಲು ವಿಭಾಗದಲ್ಲಿ ಮುದ್ರೆ ಬೇಗ ಬೀಳುತ್ತಿತ್ತು. ಮುದ್ರೆ ಬಿದ್ದ ಪ್ರತಿಯನ್ನು ಜೋಪಾನವಾಗಿಡಿ. ಅರ್ಜಿಯ ಗತಿ ತಿಳಿಯದೇ ಹೋದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅದೇ ದಿನಾಂಕ ಮತ್ತು ಸಂಖ್ಯೆಯನ್ನು ಉಲ್ಲೇಖಿಸಿ ಕೇಳಬಹುದು, 30 ದಿನಗಳೊಳಗೆ ಉತ್ತರ ಕೊಡಬೇಕಾಗುತ್ತದೆ.

ಸಭೆಯ ದಿನವನ್ನು ತಿಂಗಳ ಮೊದಲ ಭಾನುವಾರ ಎಂದೋ ಎರಡನೆಯ ಭಾನುವಾರ ಎಂದೋ ಒಮ್ಮೆ ನಿಗದಿ ಮಾಡಿದ ಮೇಲೆ ಯಾರ ಅನುಕೂಲಕ್ಕೂ ಬದಲಿಸಬೇಡಿ. ನಮ್ಮೂರಿನಲ್ಲಿ ದಸರಾ ಬಂದರೆ ಮನೆ ತುಂಬ ನೆಂಟರಿರುತ್ತಾರೆ, ಆ ತಿಂಗಳು ಬೇಡವೆಂಬ ಒತ್ತಡ ಖಂಡಿತ ಬರುತ್ತದೆ. ಅರ್ಧ ಗಂಟೆಯಾದರೂ ಸರಿ, ಸೇರಿ, ಬಲಪುಟ ಓದಿ, ಮುಗಿಸಿ.

ಅಶೋಕನಗರ, ಮಂಡ್ಯ

ಕುವೆಂಪುನಗರದವರು ಹೇಳಿದ ನಡಾವಳಿಯ ಕ್ರಮವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ನಮ್ಮದು ನಗರಸಭೆಯ ಊರಾದ್ದರಿಂದ ಕಚೇರಿ ಹತ್ತಿರ, ಪರಿಚಯವೂ ಹೆಚ್ಚು. ಆದರೂ ಸಭೆಗೆ ಜನ ಬಾರದ ಸಮಸ್ಯೆ ನಮ್ಮಲ್ಲಿಯೂ ಇತ್ತು. ನಾವು ಗಮನಿಸಿದ ಕಾರಣ ಬೇರೆ: ಸಭೆಗೆ ಯಾರನ್ನು ಕರೆಯುತ್ತಿದ್ದೇವೆ ಎಂಬುದರಲ್ಲಿಯೇ ಕೊರತೆಯಿತ್ತು.

ಸಂಘದ ನಿಯಮಾವಳಿಯಾದ ಬೈಲಾದಲ್ಲಿ ಸದಸ್ಯತ್ವ ‘ನಿವೇಶನದ ಮಾಲೀಕರಿಗೆ’ ಎಂದಿತ್ತು. ನಮ್ಮ ಬೀದಿಗಳಲ್ಲಿ ಅರ್ಧಕ್ಕರ್ಧ ಮನೆಗಳಲ್ಲಿ ಬಾಡಿಗೆಗೆ ಇರುವವರೇ ಇದ್ದಾರೆ: ಶಾಲೆಯ ಉಪಾಧ್ಯಾಯರು, ಬ್ಯಾಂಕಿನವರು, ಮಕ್ಕಳ ಓದಿಗಾಗಿ ಹಳ್ಳಿಯಿಂದ ಬಂದು ಮನೆ ಮಾಡಿದವರು. ಕಸದ ಗಾಡಿ ಬಾರದಿದ್ದರೆ ಕಷ್ಟಪಡುವವರು ಅವರು; ಬೆಂಗಳೂರಿನಲ್ಲಿರುವ ಮನೆ ಮಾಲೀಕರಿಗೆ ಅದು ಗೊತ್ತೇ ಆಗುವುದಿಲ್ಲ. ಸರ್ವ ಸದಸ್ಯರ ಸಭೆಯಲ್ಲಿ ಚರ್ಚಿಸಿ, ವಾಸವಿರುವ ಪ್ರತಿ ಕುಟುಂಬಕ್ಕೂ ಸದಸ್ಯತ್ವ ಎಂದು ಬೈಲಾ ತಿದ್ದುಪಡಿ ಮಾಡಿದೆವು. ಇದಕ್ಕೆ ವಿರೋಧವಿರಲಿಲ್ಲವೆಂದಲ್ಲ, ಆದರೆ ಸಂಘಕ್ಕೆ ಜೀವ ಬಂದದ್ದು ಬಾಡಿಗೆಗೆ ಇರುವವರಿಂದಲೇ ಎಂದು ಆಗ ವಿರೋಧಿಸಿದವರೂ ಈಗ ಹೇಳುತ್ತಾರೆ.

ಹೆಂಗಸರ ವಿಷಯವನ್ನೂ ಯೋಚಿಸಿ ಮೇಡಂ. ನಮ್ಮಲ್ಲಿ ಸಭೆ ಭಾನುವಾರ ಬೆಳಗ್ಗೆ ಹತ್ತಕ್ಕೆ ಇರುತ್ತಿತ್ತು. ಅದು ಗಂಡಸರು ತಿಂಡಿ ಮುಗಿಸಿ ಬಿಡುವಾಗುವ ಹೊತ್ತು, ಹೆಂಗಸರಿಗೆ ಮಾತ್ರ ಅಡುಗೆಮನೆಯಿಂದ ಹೊರಗೆ ಬರಲಾಗದ ಹೊತ್ತು. ಸಂಜೆ ಐದಕ್ಕೆ, ಉದ್ಯಾನದಲ್ಲಿ, ಮಕ್ಕಳು ಕಣ್ಣೆದುರಿಗೇ ಆಡಿಕೊಂಡಿರುವಂತೆ ಸಭೆಯನ್ನು ಬದಲಾಯಿಸಿದ ಮೇಲೆ ನೀರು, ಕಸ, ಸೊಳ್ಳೆ ಕಾಟದ ಬಗ್ಗೆ ದಿನನಿತ್ಯ ತಿಳಿದವರೇ ಮಾತಾಡತೊಡಗಿದರು. ಪೌರಕಾರ್ಮಿಕರು ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ ಎಂದು ಎಷ್ಟೋ ದಿನದಿಂದ ಹೇಳುತ್ತಿದ್ದ ಮಾತು ಮನೆಗಳನ್ನು ತಲುಪಿದ್ದು ಆ ಸಂಜೆಯ ಸಭೆಗಳಿಂದ. ಒಮ್ಮೆ ನಮ್ಮ ಬೀದಿಯ ಪೌರಕಾರ್ಮಿಕರನ್ನೇ ಸಭೆಗೆ ಕರೆದು, ಕುರ್ಚಿ ಹಾಕಿ ಕೂರಿಸಿ, ಅವರ ಕಷ್ಟವನ್ನು ಕೇಳಿದೆವು. ಒಡೆದ ಗಾಜನ್ನು ಹಾಗೆಯೇ ಚೀಲಕ್ಕೆ ಹಾಕುತ್ತೀರಿ ಎಂದು ಒಬ್ಬ ತಾಯಿ ತಮ್ಮ ಅಂಗೈ ತೋರಿಸಿದರು. ಅದಾದ ಮೇಲೆ ಗಾಜನ್ನು ಕಾಗದದಲ್ಲಿ ಸುತ್ತಿ, ಮೇಲೆ ‘ಗಾಜು’ ಎಂದು ಬರೆದು ಕೊಡುವ ರೂಢಿ ನಮ್ಮಲ್ಲಿ ಬಂದಿದೆ.

ಲೆಕ್ಕಪತ್ರದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಸಂಘಗಳು ಒಡೆಯುವುದು ಹೆಚ್ಚಾಗಿ ಅಲ್ಲಿಯೇ. ನಿಮ್ಮ ಸಂಘ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿ ನೋಂದಣಿಯಾಗಿದ್ದರೆ, ವರ್ಷಕ್ಕೊಮ್ಮೆ ಸರ್ವ ಸದಸ್ಯರ ವಾರ್ಷಿಕ ಸಭೆ ನಡೆಸಿ, ಅದಾದ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪರಿಶೋಧನೆಯಾದ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಹಲವು ಸಂಘಗಳು ಇದನ್ನು ವರ್ಷಗಟ್ಟಲೆ ಬಾಕಿ ಉಳಿಸಿಕೊಂಡಿರುತ್ತವೆ. ಹೊಸದಾಗಿ ಹೊಣೆ ಹೊತ್ತ ನೀವು ಮೊದಲು ಈ ಕಡತವನ್ನು ತೆಗೆದು ನೋಡಿ. ತಿಂಗಳ ಸಭೆಯಲ್ಲಿ ಖಜಾಂಚಿಯವರು ಆ ತಿಂಗಳ ಜಮಾ, ಖರ್ಚು, ಉಳಿಕೆ ಇವಿಷ್ಟನ್ನು ಓದಿದರೂ ಸಾಕು, ಗಣೇಶೋತ್ಸವದ ಚಂದಾ ಎಲ್ಲಿಗೆ ಹೋಯಿತೆಂಬ ಗುಸುಗುಸು ಹುಟ್ಟುವುದೇ ಇಲ್ಲ. ಉತ್ಸವದ ಹಣವನ್ನೂ ಸಂಘದ ಹಣವನ್ನೂ ಬೇರೆ ಬೇರೆ ಪುಟದಲ್ಲಿ ಬರೆಯಿರಿ.

ವಿಜಯನಗರ, ಮೈಸೂರು

ಮೇಲಿನ ಇಬ್ಬರೂ ಸವಿವರವಾಗಿ ಬರೆದಿರುವುದರಿಂದ, ನಾನು ಸಭೆಯಲ್ಲಿ ಏಳುವ ಜಗಳಗಳ ಬಗ್ಗೆ ಮಾತ್ರ ಹೇಳುತ್ತೇನೆ. ಜನ ಬರತೊಡಗಿದ ಮೇಲೆ ನಿಮಗೆ ಎದುರಾಗುವುದು ಅದೇ.

ನಮ್ಮಲ್ಲಿ ಮರ, ನಾಯಿ, ಖಾಲಿ ನಿವೇಶನ ಈ ಮೂರು ವಿಷಯಗಳು ಸ್ನೇಹಿತರನ್ನೂ ಬೇರ್ಪಡಿಸಿವೆ. ಇಂಥ ವಿಷಯಗಳಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ಕಾರ್ಯದರ್ಶಿ ಮೊದಲೇ ಓದಿಕೊಂಡು ಬಂದಿದ್ದರೆ ಅರ್ಧ ವಾದ ಅಲ್ಲಿಗೇ ನಿಲ್ಲುತ್ತದೆ. ರಸ್ತೆಬದಿಯ ಮರವನ್ನು ಕಡಿಸಬೇಕೆಂದು ಬಹುಮತದಿಂದ ನಿರ್ಣಯ ಮಾಡಿದರೂ ಅದಕ್ಕೆ ಬೆಲೆಯಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ವೃಕ್ಷ ಅಧಿಕಾರಿಗಳ ಅನುಮತಿ ಬೇಕು. ಉದ್ಯಾನಕ್ಕೆಂದು ಬಿಟ್ಟ ಜಾಗದಲ್ಲಿ ಬೇರೇನಾದರೂ ಕಟ್ಟೋಣವೆಂಬ ಸಲಹೆ ಬಂದರೆ, ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಪ್ರದೇಶಗಳ ಅಧಿನಿಯಮವನ್ನು ನೆನಪಿಸಿ. ಬೀದಿನಾಯಿಗಳ ವಿಷಯದಲ್ಲಿ, ಊಟ ಹಾಕುವವರನ್ನು ಸಭೆಯಲ್ಲಿ ನಿಲ್ಲಿಸಿ ಬೈಯುವುದು ಅನ್ಯಾಯ. ಮಕ್ಕಳು ಆಡುವ ಕಡೆಯಾಗಲಿ ಮನೆಯ ಬಾಗಿಲಲ್ಲಾಗಲಿ ಅಲ್ಲದೆ, ಜನಸಂಚಾರ ಕಡಿಮೆಯಿರುವ ಕಡೆ ಊಟ ಹಾಕಲು ಜಾಗ ಗೊತ್ತುಮಾಡುವ ಹೊಣೆಯನ್ನು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸಂಘಗಳ ಮೇಲೆಯೇ ಹಾಕಿವೆ.

ಖಾಲಿ ನಿವೇಶನದ ಕಾಂಗ್ರೆಸ್ ಗಿಡ, ಹಾವು, ಕಸದ ರಾಶಿಯ ದೂರು ಬಂದಾಗ ಮಾಲೀಕರನ್ನು ಹುಡುಕುವುದೇ ದೊಡ್ಡ ಕೆಲಸ. ನಿವೇಶನ ಸಂಖ್ಯೆಯನ್ನು ಬಡಾವಣೆಯ ನಕ್ಷೆಯಲ್ಲಿ ಗುರುತಿಸಿ, ಇವತ್ತಿನ ದಿನಾಂಕ ಕಾಣುವಂತೆ ಫೋಟೊ ತೆಗೆದು, ನೋಟಿಸ್ ನೀಡುವಂತೆ ವಲಯ ಕಚೇರಿಗೆ ಬರೆಯಿರಿ. ಮಾಲೀಕರ ದೂರವಾಣಿ ಸಂಖ್ಯೆ ಸಂಘದಲ್ಲಿ ಯಾರಿಗಾದರೂ ಗೊತ್ತಿದ್ದರೆ ಮೊದಲು ಒಂದು ಒಳ್ಳೆಯ ಮಾತಿನಲ್ಲಿ ಕರೆ ಮಾಡಿ. ನಮ್ಮ ರಸ್ತೆಯಲ್ಲಿ ಹೀಗೆ ಕರೆ ಮಾಡಿದಾಗ ಮಾಲೀಕರೇ ಬಂದು ಜೆಸಿಬಿ ತರಿಸಿ ಶುಚಿ ಮಾಡಿಸಿದ್ದಾರೆ, ಮುಂದಿನ ಸಭೆಗೂ ಬಂದು ಸದಸ್ಯರಾಗಿದ್ದಾರೆ.

ವಾಟ್ಸ್ಆ್ಯಪ್ ಗುಂಪಿನಲ್ಲಿ ಸಭೆಯ ಸೂಚನೆ, ಕಾರ್ಯಸೂಚಿ, ಬಲಪುಟದ ಫೋಟೊ ಇವನ್ನು ಹಾಕಿ. ಚರ್ಚೆಯನ್ನು ಮಾತ್ರ ಅಲ್ಲಿ ಬೆಳೆಯಲು ಬಿಡಬೇಡಿ. ರಾತ್ರಿ ಹತ್ತರ ಮೇಲೆ ಅಲ್ಲಿ ಬರೆದ ಒಂದು ಸಾಲಿನಿಂದ ಮುನಿಸಿಕೊಂಡ ಮನೆಯನ್ನು ಮತ್ತೆ ಸಭೆಗೆ ಕರೆತರಲು ತಿಂಗಳುಗಳೇ ಬೇಕಾಗುತ್ತವೆ. ಗುಂಪಿನಲ್ಲಿ ವಿಷಯ ಬಂದರೆ ‘ಇದನ್ನು ಭಾನುವಾರದ ಕಾರ್ಯಸೂಚಿಗೆ ಸೇರಿಸಿದ್ದೇನೆ, ದಯವಿಟ್ಟು ಬನ್ನಿ’ ಎಂದು ಉತ್ತರಿಸಿ, ನಿಜವಾಗಿಯೂ ಸೇರಿಸಿ. ಸ್ಮಾರ್ಟ್‌ಫೋನ್ ಬಳಸದ ಹಿರಿಯರ ಮನೆಗಳಿಗೆ ಸಭೆಯ ಚೀಟಿಯನ್ನು ಕೈಯಾರೆ ತಲುಪಿಸುವ ಕೆಲಸವನ್ನು ಪ್ರತಿ ಕ್ರಾಸಿನಲ್ಲಿ ಒಬ್ಬರಿಗೆ ವಹಿಸಿ. ನಮ್ಮಲ್ಲಿ ಈ ಕೆಲಸವನ್ನು ಪಿಯುಸಿ ಓದುವ ಮಕ್ಕಳು ವಹಿಸಿಕೊಂಡಿದ್ದಾರೆ, ಚೀಟಿ ಕೊಡುವಾಗ ಆ ಮನೆಯ ದೂರೇನಾದರೂ ಇದ್ದರೆ ಬರೆದುಕೊಂಡೂ ಬರುತ್ತಾರೆ.