ಫುಟ್‌ಬಾಲ್ ತಂಡದಲ್ಲಿ ಸ್ಟ್ರೆಂತ್ ಕೋಚ್ ಆಗಬೇಕೆಂದಿದ್ದೇನೆ, ಅನುಭವ ಇರುವವರು ಹೇಳುತ್ತೀರಾ?

ಪ್ರಶ್ನೆ:
ಕ್ರೀಡಾ ವಿಜ್ಞಾನದಲ್ಲಿ ಡಿಗ್ರಿ ಮುಗಿಯುತ್ತಾ ಬಂದಿದೆ. ಸದ್ಯ ಜಿಮ್‌ನಲ್ಲಿ ಟ್ರೇನರ್ ಆಗಿದ್ದೇನೆ. ವೃತ್ತಿಪರ ಫುಟ್‌ಬಾಲ್ ತಂಡದಲ್ಲಿ ಸ್ಟ್ರೆಂತ್ ಅಂಡ್ ಕಂಡೀಷನಿಂಗ್ ಕೋಚ್, ಅಂದರೆ ಆಟಗಾರರ ಬಲ, ದಮ್ ಬೆಳೆಸುವ ಕೋಚ್ ಆಗಬೇಕೆಂಬ ಆಸೆ. ಯಾವ ಸರ್ಟಿಫಿಕೇಟ್ ಮಾಡಲಿ? ಕೆಲಸ ನಿಜಕ್ಕೂ ಹೇಗಿರುತ್ತದೆ? ಈಗ ಮಾಡುತ್ತಿರುವವರು, ಮಾಡಿ ಬಿಟ್ಟವರು ಎಲ್ಲರೂ ದಯವಿಟ್ಟು ಹೇಳಿ.

ಉತ್ತರ 1:
ಸರ್ಟಿಫಿಕೇಟ್ ವಿಷಯ ಮೊದಲು ಮುಗಿಸಿಬಿಡೋಣ. ಅಮೆರಿಕದ ಸ್ಟ್ರೆಂತ್ ಕೋಚ್‌ಗಳ ಸಂಸ್ಥೆ ಎನ್‌ಎಸ್‌ಸಿಎ ಕೊಡುವ ಸಿಎಸ್‌ಸಿಎಸ್ ಸರ್ಟಿಫಿಕೇಟ್‌ಗೆ ಬಹಳ ದೇಶಗಳಲ್ಲಿ ಬೆಲೆ ಇದೆ. ಅದಕ್ಕೆ ಡಿಗ್ರಿ ಬೇಕೇ ಬೇಕು. 2030ರಿಂದ ಮಾನ್ಯತೆ ಪಡೆದ ಕೋರ್ಸಿನಲ್ಲೇ ಓದಿರಬೇಕು ಎಂಬ ನಿಯಮ ಬರುತ್ತಿದೆ. ಹಾಗಾಗಿ ಪರೀಕ್ಷೆ ಬರೆಯುವುದಿದ್ದರೆ ತಡ ಮಾಡಬೇಡಿ. ಬ್ರಿಟನ್ನಿನಲ್ಲಿ ಕೆಲಸ ಹುಡುಕುವವರು ಅಲ್ಲಿನ ಇಂಥದ್ದೇ ಸಂಸ್ಥೆ ಯುಕೆಎಸ್‌ಸಿಎ ಕೊಡುವ ಮಾನ್ಯತೆ ನೋಡಿ. ಜೊತೆಗೆ ಫುಟ್‌ಬಾಲ್ ಕೋಚಿಂಗ್‌ನ ಮೊದಲ ಹಂತದ ಲೈಸೆನ್ಸ್ ಮಾಡಿಕೊಳ್ಳಿ. ಆಟದ ಭಾಷೆ ಬರದವರ ಮಾತನ್ನು ಕೋಚ್‌ಗಳು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಉತ್ತರ 2:
ಸೀನಿಯರ್ ತಂಡವೊಂದರಲ್ಲಿ ಇದೇ ಕೆಲಸದಲ್ಲಿದ್ದೇನೆ. ಜಿಮ್‌ನಿಂದ ಬರುವವರಿಗೆ ಒಂದು ಮಾತು. ಇಲ್ಲಿ ಎಷ್ಟು ಭಾರ ಎತ್ತಿಸುತ್ತೀರಿ ಎನ್ನುವುದು ಆಮೇಲಿನ ಮಾತು. ಯಾವತ್ತು ಎತ್ತಿಸುತ್ತೀರಿ, ಯಾವತ್ತು ಸುಮ್ನೆ ಬಿಡುತ್ತೀರಿ ಎನ್ನುವುದೇ ಕೆಲಸ.

ಇಡೀ ವಾರ ಮ್ಯಾಚಿನ ಸುತ್ತ ತಿರುಗುತ್ತದೆ. ಮ್ಯಾಚಿಗೆ ನಾಲ್ಕು ದಿನ ಇದ್ದರೆ ಅದು 'ಮೈನಸ್ ಫೋರ್', ಹಿಂದಿನ ದಿನ 'ಮೈನಸ್ ಒನ್', ಮರುದಿನ 'ಪ್ಲಸ್ ಒನ್'. ಭಾರ ಎತ್ತಿಸುವುದು, ಚಿಕ್ಕ ಜಾಗದಲ್ಲಿ ಜೋರಾಗಿ ಆಡಿಸುವುದು ಸಾಮಾನ್ಯವಾಗಿ ಮೈನಸ್ ಫೋರ್‌ನಲ್ಲಿ. ದೊಡ್ಡ ಜಾಗದ ಆಟ, ಉದ್ದ ಸ್ಪ್ರಿಂಟ್ ಮೈನಸ್ ತ್ರೀಯಲ್ಲಿ. ಅಲ್ಲಿಂದ ಹೊರೆ ಇಳಿಸುತ್ತಾ ಬರಬೇಕು. ನಡುವೆ ಇನ್ನೊಂದು ಮ್ಯಾಚ್ ಬಂತೋ, ಈ ಲೆಕ್ಕ ಮಡಚಿಟ್ಟು ಆಟಗಾರರ ಚೇತರಿಕೆಯನ್ನಷ್ಟೇ ನೋಡಬೇಕು.

ಬೆಂಚಿನಲ್ಲಿ ಕೂತವರನ್ನು ಮರೆಯಲೇಬೇಡಿ. 90 ನಿಮಿಷ ಆಡಿದ ಮಿಡ್‌ಫೀಲ್ಡರ್ ಸುಮಾರು 10ರಿಂದ 12 ಕಿಲೋಮೀಟರ್ ಓಡಿರುತ್ತಾನೆ. ಕೂತವನು ವಾರ್ಮ್ ಅಪ್ ಬಿಟ್ಟರೆ ಏನೂ ಓಡಿರುವುದಿಲ್ಲ. ಹೀಗೇ ಕೆಲವು ವಾರ ಕಳೆದು ದಿಢೀರನೆ ಮ್ಯಾಚಿಗೆ ಇಳಿಸಿದರೆ, ತೊಡೆಯ ಹಿಂಭಾಗ ಹಿಡಿದುಕೊಂಡು ನಿಲ್ಲುವ ಸಾಧ್ಯತೆ ಜಾಸ್ತಿ. ಅದಕ್ಕೇ ಮ್ಯಾಚ್ ಮುಗಿದು ಪ್ರೇಕ್ಷಕರು ಹೊರಡುತ್ತಿರುವಾಗ ಇವರನ್ನು ಅದೇ ಮೈದಾನದಲ್ಲಿ ಓಡಿಸುತ್ತೇವೆ. ಒಮ್ಮೆ ತಂಡ ಸೋತಿತ್ತು. ಆಡಲು ಅವಕಾಶ ಸಿಗದ ಹುಡುಗನೊಬ್ಬ ಲೇಸ್ ಬಿಚ್ಚಿ ಸೈಡ್‌ಲೈನಿನಲ್ಲಿ ಕೂತುಬಿಟ್ಟ. ನಾನೂ ಪಕ್ಕದಲ್ಲಿ ಕೂತು ಅವನ ಆ ವಾರದ ಸ್ಪ್ರಿಂಟ್ ಲೆಕ್ಕ ತೋರಿಸಿದೆ. "ಮುಂದಿನ ಮ್ಯಾಚಲ್ಲಿ 60ನೇ ನಿಮಿಷಕ್ಕೆ ಕರೆದರೆ ಓಡೋಕೆ ದಮ್ ಇರಬೇಕಲ್ವಾ?" ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಲೇಸ್ ಕಟ್ಟಿಕೊಂಡು ಎದ್ದ. ಹೀಗೆ ಕೂತು ಮಾತಾಡಲು ಬಾರದಿದ್ದರೆ ಎಂಥ ಪ್ಲಾನ್ ಬರೆದರೂ ಲ್ಯಾಪ್‌ಟಾಪ್ ಬಿಟ್ಟು ಹೊರಗೆ ಬರುವುದಿಲ್ಲ.

ಆಟಗಾರರ ಓಟ ಅಳೆಯಲು ತೊಡಿಸುವ ಜಿಪಿಎಸ್ ವೆಸ್ಟ್ ನೂರೆಂಟು ಅಂಕಿ ಕೊಡುತ್ತದೆ. ಹೆಡ್ ಕೋಚ್‌ಗೆ ಬೇಕಾದದ್ದು ಒಂದೆರಡು ಸಾಲು: ಇವತ್ತು ಯಾರು ಪೂರ್ತಿ ಆಡಬಹುದು, ಯಾರನ್ನು ಬೇಗ ಬಿಡಬೇಕು, ಯಾಕೆ. ವೆಸ್ಟ್ ಇಲ್ಲದ ತಂಡ ಸಿಕ್ಕರೂ ಚಿಂತೆ ಬೇಡ. ಟ್ರೇನಿಂಗ್ ಮುಗಿದು ಅರ್ಧ ಗಂಟೆಯಾದ ಮೇಲೆ "ಎಷ್ಟು ಕಷ್ಟ ಅನಿಸಿತು, 0ಯಿಂದ 10ರೊಳಗೆ ಹೇಳು" ಎಂದು ಒಬ್ಬೊಬ್ಬರನ್ನೇ ಕೇಳಿ. ಅದನ್ನು ಟ್ರೇನಿಂಗ್ ನಡೆದ ನಿಮಿಷಗಳಿಂದ ಗುಣಿಸಿ. 70 ನಿಮಿಷಕ್ಕೆ 6 ಅಂದರೆ 420. ಇದನ್ನು ತಪ್ಪದೆ ಬರೆದಿಟ್ಟರೆ ಯಾರ ಮೇಲೆ ಹೊರೆ ಏರುತ್ತಿದೆ ಎನ್ನುವುದು ಬೇಗ ಕಾಣುತ್ತದೆ.

ಉತ್ತರ 3:
ನಾನು ಅಕಾಡೆಮಿಯಲ್ಲಿ ಹುಡುಗಿಯರ ತಂಡ ನೋಡಿಕೊಳ್ಳುತ್ತೇನೆ. ನನ್ನನ್ನು ಕೇಳಿದರೆ ಶುರು ಮಾಡಬೇಕಾದ್ದು ಇಲ್ಲಿಂದಲೇ. ಹುಡುಗರಿಗಿಂತ ಹುಡುಗಿಯರಲ್ಲಿ ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಅಪಾಯ ಜಾಸ್ತಿ. ನೆಗೆದು ಇಳಿಯುವಾಗ ಮಂಡಿ ಒಳಕ್ಕೆ ವಾಲುತ್ತಿದೆಯಾ ಎಂದು ಕಣ್ಣಿಟ್ಟು ನೋಡುವುದು ಇಲ್ಲಿ ರೂಢಿಯಾಗುತ್ತದೆ. ಫಿಫಾದ '11 ಪ್ಲಸ್' ವಾರ್ಮ್ ಅಪ್ ಕಲಿಯಿರಿ. ಸುಮಾರು 20 ನಿಮಿಷ ಸಾಕು, ಒಂದು ಚೆಂಡು, ಗುರುತಿಗೆ ಕೆಲವು ಕೋನ್ ಬಿಟ್ಟರೆ ಬೇರೆ ಸಾಮಾನು ಬೇಡ.

ಹ್ಯಾಮ್‌ಸ್ಟ್ರಿಂಗ್‌ಗೆ, ಅಂದರೆ ತೊಡೆಯ ಹಿಂಭಾಗದ ಸ್ನಾಯುಗಳಿಗೆ, ನಾರ್ಡಿಕ್ ವ್ಯಾಯಾಮ ಬಿಡಬೇಡಿ. ಮಂಡಿಯೂರಿದವರ ಕಣಕಾಲನ್ನು ಜೊತೆಗಾರರು ಹಿಡಿಯಬೇಕು, ಇವರು ನಿಧಾನವಾಗಿ ಮುಂದಕ್ಕೆ ಬಾಗಬೇಕು. ಇದನ್ನು ಬಿಡದೆ ಮಾಡಿದ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದೆ ಎಂದು ಅಧ್ಯಯನಗಳು ಹೇಳುತ್ತವೆ. ಆದರೆ ಮೊದಲ ವಾರಗಳಲ್ಲಿ ವಿಪರೀತ ನೋವು ಬರುತ್ತದೆ. ಸೀಸನ್ ಶುರುವಾಗುವ ಮುಂಚೆಯೇ, ನಾಲ್ಕೈದು ಸಲದಿಂದ ಆರಂಭಿಸಿ.

ಉತ್ತರ 4:
ನಾನು ಬಿಟ್ಟವನು, ಆದರೂ ಆ ಕೆಲಸದ ಮೇಲೆ ಇವತ್ತಿಗೂ ಪ್ರೀತಿ ಇದೆ. ಯಾರೂ ಮೊದಲೇ ಹೇಳದ ವಿಷಯ ಎಂದರೆ, ತಂಡ ಸೋಲುತ್ತಾ ಹೋಗಿ ಹೆಡ್ ಕೋಚ್ ಬದಲಾದರೆ ಎಷ್ಟೋ ಸಲ ಅವರ ಜೊತೆಗಿದ್ದವರೂ ಗಂಟುಮೂಟೆ ಕಟ್ಟಬೇಕಾಗುತ್ತದೆ. ನೀವು ಕೆಲಸ ಚೆನ್ನಾಗಿ ಮಾಡಿದ್ದರೂ ಅಷ್ಟೇ. ನನ್ನ ಮೊದಲ ಕ್ಲಬ್ಬಿನಲ್ಲಿ ಹಾಗೇ ಆಯಿತು. ಸಹಿ ಹಾಕುವ ಮುಂಚೆ ಕೇಳಿ: ಒಪ್ಪಂದ ಕ್ಲಬ್ ಜೊತೆಗಾ, ಕೋಚ್ ಇರುವವರೆಗೆ ಮಾತ್ರವಾ? ನಡುವೆ ತೆಗೆದರೆ ಎಷ್ಟು ತಿಂಗಳ ಸಂಬಳ? ಇಂಟರ್ನ್‌ಶಿಪ್‌ಗೆ ದುಡ್ಡು ಕೊಡುತ್ತಾರಾ? ಸಂಬಳವಿಲ್ಲದೆ ಇಡೀ ಸೀಸನ್ ದುಡಿಸಿಕೊಳ್ಳುವವರಿಗೆ ನಾನಂತೂ ಬೇಡ ಎಂದೇ ಹೇಳುತ್ತೇನೆ.

ಫಿಸಿಯೋ ಜೊತೆ ನಿಂತು ಗಾಯಾಳುವನ್ನು ಮತ್ತೆ ಮೈದಾನಕ್ಕೆ ತರುವ ಕೆಲಸ ಕಲಿತಿರಿ. ಕ್ಲಬ್ ಬಿಟ್ಟ ಮೇಲೆ ನನಗೆ ಅನ್ನ ಕೊಟ್ಟಿದ್ದು ಅದೇ. ಈಗಲೇ ಹತ್ತಿರದ ಸಣ್ಣ ತಂಡವೊಂದಕ್ಕೆ ಬರೆಯಿರಿ. ರೆಸ್ಯೂಮ್ ಜೊತೆ, ಅವರ ಮುಂದಿನ ಎರಡು ಮ್ಯಾಚುಗಳ ನಡುವಿನ ದಿನಗಳಿಗೆ ಒಂದು ಪುಟದ ಪ್ಲಾನ್ ಮಾಡಿ ಕಳಿಸಿ.